ಹೆಸರು ಅಳಿಸಿದ ಮೂರು ವಾಲ್ವುಗಳು

ನಮ್ಮ ತಾಂಗಾ ಪಟ್ಟಣದ ಗಿಟಾರಿಗೆ ತನ್ನದೇ ಆದ ಒಂದು ದನಿಯಿದೆ ಎಂದು ದಾರ್ ಎಸ್ ಸಲಾಮಿನವರೂ ಮೊಂಬಾಸಾದವರೂ ಒಪ್ಪುತ್ತಾರೆ. ಆ ದನಿಯನ್ನು ನುಡಿಸಿದವರ ಹೆಸರುಗಳು ಗೋಡೆಗೋಡೆಯ ಮೇಲೆ ಅಚ್ಚಾಗಿವೆ. ಅದನ್ನು ಮೂವತ್ತಮೂರು ವರ್ಷ ಕಾಪಾಡಿಕೊಂಡು ಬಂದ ಕೈಯ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಹಗ್ಗದ ಕಾರ್ಖಾನೆಯ ವಾದ್ಯತಂಡವಾದ 'ಕಾಂಬಾ ಜಾಝ್'ನ ಯಂತ್ರಗಳ ಮೇಲ್ವಿಚಾರಕರಾಗಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ನಾವು ಫುಂಡಿ (ಮೇಸ್ತ್ರಿ) ಎಂದು ಕರೆಯುವ ಹೆಮೆದಿ ಶೆಮ್‌ದೋಯೆ ಅವರು ವೇದಿಕೆಯ ಹಿಂದೆ, ಪರದೆಯ ಮರೆಯಲ್ಲಿ, ಒಂದು ಮುರುಕು ಸ್ಟೂಲಿನ ಮೇಲೆ ಕುಳಿತು ಬಾಳಿದವರು. ಗಾಜಿನ ವಾಲ್ವುಗಳಿಂದ ನಡೆಯುವ ಆಂಪ್ಲಿಫೈಯರ್ ಕೆಟ್ಟರೆ ಅದನ್ನು ಎತ್ತಿಕೊಂಡು ಯಾರ ಬಾಗಿಲಿಗೆ ಹೋಗಬೇಕು ಎಂದು ಈ ಕರಾವಳಿಯಲ್ಲಿ ಯಾರನ್ನು ಕೇಳಿದರೂ ಅವರ ಮನೆಯ ದಾರಿಯನ್ನೇ ತೋರಿಸುತ್ತಾರೆ.

ಅಭಿನಂದನ ಸಮಿತಿಯವರು ಬಂದು, "ಉಗ್ರಾಣದ ಕಡೆಯಿಂದ ಎರಡು ಪುಟ ಬರೆದುಕೊಡಿ, ಬೀ ಮ್ವಾನಶಾ" ಎಂದು ಗೌರವದಿಂದ ಕೇಳಿದಾಗ ನಾನು ಒಲ್ಲೆನೆಂದೇ ಹೇಳಿದ್ದೆ. ಹತ್ತೊಂಬತ್ತು ವರ್ಷ ಉಗ್ರಾಣದಲ್ಲಿ ಕುಳಿತು ನಾನು ಬರೆದದ್ದು ಸಾಮಾನಿನ ಪಟ್ಟಿಗಳನ್ನು ಮಾತ್ರ. ಆದರೆ ಗ್ರಂಥದ ಮೊದಲಿಗೆ ಅಚ್ಚಾಗಲಿರುವ ಜೀವನಪರಿಚಯವನ್ನು ಅವರು ನನಗೆ ಓದಲು ಕೊಟ್ಟರು. ಕಚೇರಿಯ ಕಡತದಿಂದ ಎತ್ತಿಕೊಂಡ ಒಂದು ಸಾಲು ಅದರಲ್ಲಿತ್ತು: "ಇಡೀ ಸೇವಾವಧಿಯಲ್ಲಿ ಇವರಿಗೆ ಬಂದದ್ದು ಒಂದೇ ಒಂದು ಎಚ್ಚರಿಕೆ ಪತ್ರ; ಅದೂ ತಾಯಿಯ ಮರಣದ ದುಃಖದಲ್ಲಿ ಆದ ಒಂದು ಅಲಕ್ಷ್ಯಕ್ಕಾಗಿ." ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಅದು ಸುಳ್ಳು, ಮತ್ತು ಅದು ಸುಳ್ಳೆಂದು ಬಲ್ಲವರು ಇಬ್ಬರೇ: ಫುಂಡಿಯವರು ಮತ್ತು ನಾನು. ಆ ಸಾಲು ಗ್ರಂಥದಲ್ಲಿ ಉಳಿಯಬಾರದು ಎಂಬುದಕ್ಕಾಗಿಯೇ ನಾನು ಈ ಲೇಖನವನ್ನು ಒಪ್ಪಿಕೊಂಡೆ.

ಫುಂಡಿಯವರು ಲುಶೊಟೊ ಬೆಟ್ಟಗಳ ಮಗ. ಹದಿನೆಂಟರ ವಯಸ್ಸಿಗೆ ತಾಂಗಾಕ್ಕೆ ಇಳಿದುಬಂದು, ಗುಜರಾತಿನ ಮುದುಕರೊಬ್ಬರ ರೇಡಿಯೊ ಅಂಗಡಿಯಲ್ಲಿ ನಾಲ್ಕು ವರ್ಷ ಬೆಸುಗೆ ಕೆಲಸ ಕಲಿತು, ೧೯೬೧ರಲ್ಲಿ ಕಾರ್ಖಾನೆಗೆ ಸೇರಿದರು. ವಾದ್ಯತಂಡ ಕಾರ್ಖಾನೆಯದು, ವಾದ್ಯಗಳೂ ಕಾರ್ಖಾನೆಯವು. ನುಡಿಸುವವರು ಹಗಲು ಹಗ್ಗ ಹೊಸೆದು ಶನಿವಾರ ಸಂಜೆ ವೇದಿಕೆ ಏರುವ ನೌಕರರು. ಹೀಗಾಗಿ ಒಬ್ಬ ಗಿಟಾರ್ ವಾದಕನ ದನಿ ಕೆಟ್ಟರೆ ಅದು ಅವನ ಮನೆಯ ಸಂಗತಿಯಾಗಿ ಉಳಿಯುವುದಿಲ್ಲ, ಕಚೇರಿಯ ಮೇಜಿಗೆ ಬರುತ್ತದೆ.

೧೯೭೧ರಲ್ಲಿ ಮೊಂಬಾಸಾದ ಹೋಟೆಲೊಂದು ಮಾರಿದ ಹಳೆಯ ಆಂಪ್ಲಿಫೈಯರನ್ನು ಕಾರ್ಖಾನೆ ಕೊಂಡಿತು. ನೋಡಲು ಭರ್ಜರಿ, ಕಂದು ಬಟ್ಟೆ ಹೊದ್ದ ಪೆಟ್ಟಿಗೆ. ಗಿಟಾರ್ ಸಿಕ್ಕಿಸಿದರೆ ಮಾತ್ರ ಕಂಬಳಿ ಹೊದ್ದು ಮಾತಾಡಿದ ಹಾಗೆ ದನಿ. ಗುಂಡಿಯನ್ನು ಪೂರ್ತಿ ತಿರುಗಿಸಿದರೂ ತುತ್ತೂರಿಗಳ ಮುಂದೆ ಕೇಳುತ್ತಿರಲಿಲ್ಲ. ಮೋಸ ಹೋದೆವೆಂದು ಎಲ್ಲರೂ ಕೈಚೆಲ್ಲಿದಾಗ ಫುಂಡಿಯವರು ಮೂರು ವಾರದ ಗಡುವು ಕೇಳಿಕೊಂಡರು. ಅವರ ಕ್ರಮವನ್ನು ಇಂದಿಗೂ ಅವರ ಶಿಷ್ಯರು ಪಾಲಿಸುತ್ತಾರೆ. ಮೊದಲು ನುಡಿಸುವವನನ್ನು ಕೂರಿಸಿ, ಗಿಟಾರಿಗೆ ಏನನ್ನೂ ಸಿಕ್ಕಿಸದೆ, ಬರಿಯ ತಂತಿಯ ದನಿ ಕೇಳುವುದು. ಆಮೇಲೆ ಬೇರೆ ಗಿಟಾರ್, ಬೇರೆ ವೈರು, ಬೇರೆ ಸ್ಪೀಕರ್. ಆಮೇಲೆ ಗೋಡೆಯಿಂದ ಬರುವ ಕರೆಂಟು ಎಷ್ಟಿದೆ ಎಂದು ಅಳೆಯುವುದು, ಯಾಕೆಂದರೆ ನಮ್ಮೂರಿನಲ್ಲಿ ಸಂಜೆಯಾದರೆ ಅದು ಸೊರಗುತ್ತದೆ. ಇಷ್ಟಾದ ಮೇಲೆಯೇ ಪೆಟ್ಟಿಗೆಗೆ ಸ್ಕ್ರೂಡ್ರೈವರ್ ಹಚ್ಚುವುದು. ಒಣಗಿಹೋಗಿದ್ದ ಕೆಪಾಸಿಟರುಗಳು, ಕಾದು ಕಾದು ಅಳತೆ ತಪ್ಪಿದ್ದ ಒಂದು ರೆಸಿಸ್ಟರ್, ಮುದಿಯಾದ ಎರಡು ದೊಡ್ಡ ವಾಲ್ವು, ತುಕ್ಕು ಹಿಡಿದ ವಾಲ್ವಿನ ಕುಳಿಗಳು, ಅಂಚಿನಲ್ಲಿ ಬಿಟ್ಟುಕೊಂಡಿದ್ದ ಸ್ಪೀಕರಿನ ಕಾಗದ – ಇವೆಲ್ಲವನ್ನೂ ಒಂದೊಂದಾಗಿ, ಒಂದನ್ನು ಸರಿಪಡಿಸಿ ಕೇಳಿ, ಆಮೇಲೆ ಇನ್ನೊಂದನ್ನು ಮುಟ್ಟಿ, ಅವರು ಆ ಪೆಟ್ಟಿಗೆಗೆ ದನಿ ಕೊಟ್ಟರು.

ಆ ಮೂರು ವಾರವೂ ಅವರ ಎದುರಿಗೆ ಕುಳಿತು ಬೇಸರವಿಲ್ಲದೆ ಅದೇ ನಾಲ್ಕು ಸ್ವರ ನುಡಿಸಿದವರು ಮುಖ್ಯ ಗಿಟಾರ್ ವಾದಕ ರಜಬು ಕಿಹಿಯೊ. ಇಬ್ಬರ ಸ್ನೇಹ ಆಗ ಗಟ್ಟಿಯಾಯಿತು. ಕಾರ್ಖಾನೆಯ ಗೋಡೆಯ ಪಕ್ಕದ ಕಾಡುಬಾದಾಮಿ ಮರದ ಕೆಳಗೆ ದಿನವೂ ಬೆಳಿಗ್ಗೆ ಒಂದೇ ಕಾಗದದ ಪೊಟ್ಟಣದಿಂದ ಕರಿದ ಮಂದಾಜಿ ರೊಟ್ಟಿ ಮುರಿದುಕೊಂಡು ಚಹಾ ಕುಡಿಯುತ್ತಿದ್ದ ಅವರಿಬ್ಬರನ್ನು, ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ಅಣ್ಣತಮ್ಮಂದಿರು ಎಂದು ತಿಳಿದಿದ್ದೆ.

ನಾನು ಸೇರಿದ್ದು ೧೯೭೫ರ ಕೊನೆಯಲ್ಲಿ, ಒಂದು ವರ್ಷದ ಪರೀಕ್ಷಾವಧಿಯ ಮೇಲೆ. ತಂದೆ ಇಲ್ಲ, ತಾಯಿಗೆ ಕಣ್ಣಿಲ್ಲ, ನನ್ನ ಕೆಳಗೆ ನಾಲ್ವರು. ಕೆಲಸ ಕಾಯಂ ಆಗಬೇಕು ಎಂಬುದೊಂದೇ ನನ್ನ ಜಪ. ಮರುವರ್ಷ ರಾಜಧಾನಿಯಿಂದ ಒಂದು ಸುತ್ತೋಲೆ ಬಂತು: ಸಾರ್ವಜನಿಕ ಸ್ವತ್ತಿನ ತಪಾಸಣೆಯಾಗಲಿದೆ, ಬಿಡಿಯಾಗಿ ತೆಗೆಯಲು ಬರುವ ಪ್ರತಿಯೊಂದು ವಸ್ತುವಿನ ಮೇಲೂ ಸ್ವತ್ತಿನ ಸಂಖ್ಯೆ ಇರತಕ್ಕದ್ದು. ತಪಾಸಣೆಯವರು ಬರುವುದಕ್ಕೆ ನಾಲ್ಕು ದಿನವಿದೆ ಎನ್ನುವಾಗ ಫುಂಡಿಯವರ ತಾಯಿ ತೀರಿಕೊಂಡ ಸುದ್ದಿ ಬಂದು, ಅವರು ಲುಶೊಟೊಗೆ ಹೊರಟುಹೋದರು.

ನಾನು ಕುರ್ಚಿಗಳಿಗೆ ಸಂಖ್ಯೆ ಬರೆದೆ. ಮೈಕಿನ ಕಂಬಗಳಿಗೆ, ಡೋಲುಗಳಿಗೆ, ಡೋಲಿನ ಕೋಲುಗಳಿಗೆ ಬರೆದೆ. ಸೋರೆಬುರುಡೆಯ ಗಿಲಕಿ ಜೋಡಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟೆ. ಇಷ್ಟಕ್ಕೆ ನಿಲ್ಲಿಸಿದ್ದರೆ ನಗುವಿನಲ್ಲಿ ಹೋಗುತ್ತಿತ್ತು. ಆಂಪ್ಲಿಫೈಯರಿನ ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಒಳಗೆ ಗಾಜಿನ ಐದು ವಾಲ್ವು, ಎಳೆದರೆ ಬಂದವು. ಬಿಡಿಯಾಗಿ ತೆಗೆಯಲು ಬರುವ ವಸ್ತು ಎಂದರೆ ಇದೇ ಅಲ್ಲವೇ ಎಂದುಕೊಂಡೆ. ಚಿಕ್ಕವು ಮೂರೂ ಒಂದೇ ತೆರ, ಮೈಮೇಲೆ ಮಾಸಿದ ಏನೋ ಅಕ್ಷರ. ಬಣ್ಣ ಕೂರಲೆಂದು ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಒಂದೇ ಸಲಕ್ಕೆ ಗಾಜು ಫಳಫಳ ಆಯಿತು. ಬಿಳಿ ಬಣ್ಣದಲ್ಲಿ ಅಂದವಾಗಿ ಸಂಖ್ಯೆ ಬರೆದು, ಒಣಗಿಸಿ, ಕೈಗೆ ಬಂದ ಹಾಗೆ ಕುಳಿಗಳಲ್ಲಿ ಒತ್ತಿದೆ. ಎಲ್ಲವೂ ಎಲ್ಲ ಕುಳಿಯಲ್ಲೂ ಸಲೀಸಾಗಿ ಕೂತವು. ತಪಾಸಣೆಯವರು ನನ್ನ ಅಕ್ಷರವನ್ನು ಮೆಚ್ಚಿ ಬರೆದುಹೋದರು, ನಾನು ಹಿಗ್ಗಿಹೋದೆ.

ಫುಂಡಿಯವರು ಶುಕ್ರವಾರ ಮರಳಿ ಬಂದರಾದರೂ ಶೋಕದಲ್ಲಿದ್ದುದರಿಂದ ಆ ಶನಿವಾರದ ಕುಣಿತಕ್ಕೆ ಬರಲಿಲ್ಲ. ಆ ಸಂಜೆ ರಜಬು ಅವರ ಗಿಟಾರ್ ಸೊರಗಿತು. ಹಾಡು ಮುಗಿದು ಬರಿಯ ಗಿಟಾರ್ ಓಡಬೇಕಾದ ಜಾಗದಲ್ಲಿ ಕುಣಿಯುವವರ ಕಾಲು ನಿಂತವು. ದನಿ ಸಣ್ಣ, ಅದರ ಮೇಲೆ ಮಂಕು. ಹಾಡುಗಾರ ಮೈಕಿನಲ್ಲೇ, "ರಜಬಣ್ಣ, ಇವತ್ತು ಮನೇಲಿ ಊಟ ಹಾಕ್ಲಿಲ್ವಾ?" ಎಂದ. ಜನ ನಕ್ಕರು. ಮುಂದಿನ ಶನಿವಾರವೂ ಹಾಗೇ ಆದಾಗ ಯಾರೂ ನಗಲಿಲ್ಲ. ರಜಬು ಅವರಿಗೆ ಆಗ ನಲವತ್ತೊಂಬತ್ತು. ಬೆರಳು ಮುಗಿಯಿತು ಎಂಬ ಮಾತು ಆ ವಾರವೆಲ್ಲ ಕಾರ್ಖಾನೆಯ ತುಂಬ ಓಡಾಡಿತ್ತು. ಸೋಮವಾರ ಕಚೇರಿ ತೆರೆಯುತ್ತಲೇ ಆಡಳಿತಾಧಿಕಾರಿ ಬ್ವಾನಾ ತೆಮು ಅವರು, ರಜಬು ಕಿಹಿಯೊ ಅವರನ್ನು ವಾದ್ಯತಂಡದಿಂದ ತೆಗೆದು ಗೇಟಿನ ಕಾವಲಿಗೆ ಹಾಕುವ ಆಜ್ಞೆಗೆ ಸಹಿ ಮಾಡಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ರಜಬು ಅವರೇ ಅದನ್ನು ನಂಬತೊಡಗಿದ್ದರು. ಊಟದ ಬಿಡುವಿನಲ್ಲಿ ಒಬ್ಬರೇ ಕುಳಿತು ಬೆರಳುಗಳಿಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಎರಡನೆಯ ಶನಿವಾರ ಪರದೆಯ ಹಿಂದೆ ಕುಳಿತು ಕೇಳಿದ್ದ ಫುಂಡಿಯವರು ಅದೇ ಬೆಳಿಗ್ಗೆ ಮರದ ಕೆಳಗೆ ರಜಬು ಅವರನ್ನು ಕೂರಿಸಿದರು.

"ಏನೂ ಸಿಕ್ಕಿಸ್ಬೇಡ. ಸುಮ್ನೆ ನುಡ್ಸು."

"ಬಿಡೋ ಹೆಮೆದಿ. ಸತ್ತ ಬೆರಳಿನ ಪಂಚನಾಮೆ ಮಾಡ್ತೀಯಾ?"

"ನುಡ್ಸು ಅಂದೆ. ನಮ್ಮವ್ವ ಸತ್ತಿದಾಳೆ, ಯಾರು ಸತ್ತಿದಾರೆ ಯಾರು ಇಲ್ಲ ಅಂತ ನಂಗೊತ್ತಾಗುತ್ತೆ."

ರಜಬು ನುಡಿಸಿದರು. ಫುಂಡಿಯವರು ಗಿಟಾರಿನ ಮರಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿ, "ಬೆರಳಲ್ಲಿ ಏನೂ ಕಮ್ಮಿ ಆಗಿಲ್ಲ" ಎಂದರು. ರಜಬು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು.

ತಪಾಸಣೆಯ ಸಂಖ್ಯೆ ಬಿದ್ದ ಸ್ವತ್ತನ್ನು ಬಿಚ್ಚುವಾಗ ಉಗ್ರಾಣದವರು ಎದುರಿಗಿರಬೇಕೆಂಬ ನಿಯಮವಿತ್ತು; ಹಾಗಾಗಿ ಅಂದು ಮಧ್ಯಾಹ್ನ ನಾನೂ ಅವರ ಕೋಣೆಯಲ್ಲಿದ್ದೆ. ವೈರು ಬದಲಿಸಿದರು, ಸ್ಪೀಕರ್ ಬದಲಿಸಿದರು, ಕರೆಂಟು ಅಳೆದರು. ಎಲ್ಲವೂ ಸರಿಯಾಗಿತ್ತು. ಆಮೇಲೆ ಹಿಂದಿನ ಹಲಗೆ ತೆಗೆದರು. ಒಳಗೆ ನನ್ನ ಬಿಳಿ ಸಂಖ್ಯೆಗಳು ಸಾಲಾಗಿ ಕಂಡವು. ಅವರು ಒಂದು ವಾಲ್ವನ್ನು ಕಿತ್ತು, ತಿರುಗಿಸಿ ತಿರುಗಿಸಿ ನೋಡಿದರು.

"ಇದರ ಹೆಸರೆಲ್ಲಿ, ತಂಗಿ?"

"ಹೆಸರು ಅಂದ್ರೆ?"

"ಮೈಮೇಲೆ ಬರ್ದಿರ್ತಿತ್ತಲ್ಲ."

"ಅದು... ಕೊಳೆ ಇತ್ತು ಫುಂಡಿ. ಒರೆಸ್ದೆ."

ಅವರು ಉಳಿದೆರಡನ್ನೂ ಕಿತ್ತರು. ಕಿಟಕಿಯ ಬೆಳಕಿಗೆ ಮೂರನ್ನೂ ಒಂದೊಂದಾಗಿ ಹಿಡಿದು, ಗಾಜಿನೊಳಗಿನ ತಗಡಿನ ಉದ್ದ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ತೋರಿಸಿದರು. "ಇವೆರಡು ನೋಡು, ಒಳಗಿನ ತಗಡು ಉದ್ದ. ಇವುಗಳ ಹೆಸರು ಎಂಬತ್ಮೂರು. ಗಿಟಾರಿನ ಸಣ್ಣ ದನೀನ ಎತ್ತಿ ನಿಲ್ಸೋವು. ಇದು ಗಿಡ್ಡ, ಎಂಬತ್ತೆರಡು. ಇದಕ್ಕೆ ಅಷ್ಟು ತ್ರಾಣ ಇಲ್ಲ. ದನಿ ನಡುಗಿಸೋ ಕೆಲಸಕ್ಕೆ ಮೂರನೇ ಕುಳೀಲಿ ಇರ್ಬೇಕಿತ್ತು. ನೀನು ಇದನ್ನ ಮೊದಲ್ನೇದ್ರಲ್ಲಿ ಕೂರ್ಸಿದೀಯ."

ಅದಲುಬದಲು ಮಾಡಿ, ಕಾಯಲು ಬಿಟ್ಟು, ಗಿಟಾರ್ ಸಿಕ್ಕಿಸಿ ಒಂದು ತಂತಿ ಮೀಟಿದರು. ಕೋಣೆಯ ತಗಡಿನ ಮಾಡು ಅದುರಿತು.  ಸಂತೋಷಪಡಲು ನನ್ನಿಂದಾಗಲಿಲ್ಲ; ಕಾವಲಿನ ಆಜ್ಞೆಯನ್ನು ರದ್ದು ಮಾಡಬೇಕಾದರೆ ತಪ್ಪು ಯಾರದೆಂದು ಬ್ವಾನಾ ತೆಮು ಬರೆಸಿಕೊಳ್ಳದೆ ಬಿಡುವುದಿಲ್ಲ ಎಂದು ನನಗೆ ತಿಳಿದಿತ್ತು. ನನ್ನ ಪರೀಕ್ಷಾವಧಿ ಮುಗಿಯಲು ಆರು ವಾರ ಉಳಿದಿತ್ತು.

ಮರುದಿನ ಬ್ವಾನಾ ತೆಮು ತಮ್ಮ ಕಚೇರಿಯಲ್ಲಿ ರಜಬು, ಫುಂಡಿ, ನಾನು ಮೂವರನ್ನೂ ನಿಲ್ಲಿಸಿದರು.  ನಾನು ಬಾಯಿ ತೆರೆಯುವ ಮೊದಲೇ ಫುಂಡಿಯವರು ಮಾತಾಡಿದರು.

"ನನ್ನ ಕೈಯಿಂದ ಆಗಿದ್ದು, ಬ್ವಾನಾ. ವಾಲ್ವು ಒರೆಸಿ ವಾಪಸ್ ಹಾಕುವಾಗ ಜಾಗ ತಪ್ಪಿದೆ."

"ನೀನು ಊರಲ್ಲೇ ಇರ್ಲಿಲ್ವಲ್ಲ?"

"ಶುಕ್ರವಾರ ಸಂಜೆ ಬಂದೆ. ಆಗ ಉಗ್ರಾಣದವ್ರನ್ನ ಕರೀದೆ ಬಿಚ್ಚಿದ್ದೆ. ಅವ್ವನ್ನ ಮಣ್ಣು ಮಾಡಿ ಬಂದಿದ್ದೆ, ತಲೆ ಸರಿ ಇರ್ಲಿಲ್ಲ."

ಬ್ವಾನಾ ತೆಮು ಕನಿಕರದ ಮನುಷ್ಯರೇ. ಆದರೂ ಹದಿನೈದು ವರ್ಷದ ಅನುಭವವಿರುವ ಕೆಲಸಗಾರನಿಗೆ ಅದು ಸಲ್ಲದೆಂದು ಬರೆದರು. ಎಚ್ಚರಿಕೆ ಪತ್ರ, ಜೊತೆಗೆ ಎರಡು ವರ್ಷ ವಾದ್ಯತಂಡದಿಂದ ದೂರವಿರಿಸಿ ಹೊಸೆಯುವ ಯಂತ್ರಗಳ ಮೋಟಾರ್ ರಿಪೇರಿಗೆ. ಹೊರಗೆ ಬಂದ ಮೇಲೆ ನಾನು, "ಒಳಗೆ ಹೋಗಿ ಹೇಳ್ತೀನಿ ಫುಂಡಿ" ಎಂದೆ. ಅವರು ಗದರಿದರು: "ಹೇಳಿ? ನಿನ್ನ ಕಳಿಸ್ತಾರೆ. ನಂಗಾದ್ರೆ ಒಂದು ಕಾಗದ ಕೊಡ್ತಾರೆ. ಹೋಗು, ಉಗ್ರಾಣ ತೆಗಿ." ಆ ಕಾಗದದಲ್ಲಿ ಅವರ ತಾಯಿಯ ಸಾವು ನನ್ನ ತಪ್ಪಿಗೆ ನೆಪವಾಗಿ ದಾಖಲಾಯಿತು. ಮಣ್ಣಿಗಿಟ್ಟು ಹದಿನೈದು ದಿನವೂ ಆಗಿರದ ತಾಯಿಯನ್ನು ನನಗೋಸ್ಕರ ಅವರು ಕಚೇರಿಗೆ ಕರೆತಂದರು.

ರಜಬು ಅವರಿಗೆ ಗಿಟಾರ್ ಮರಳಿ ಸಿಕ್ಕಿತು, ಹೆಸರು ಮರಳಿ ಬಂತು. ಆದರೆ ಬಾಗಿಲಲ್ಲಿ ಅವರು ಫುಂಡಿಯವರಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ: "ನೀನೇ ಕೆಡಿಸಿ, ನೀನೇ ಬಂದು ನನ್ನ ಬೆರಳು ನೋಡ್ದೆ. ಅಳೋದನ್ನೂ ನೋಡ್ದೆ. ಇನ್ಮೇಲೆ ನನ್ನ ಹತ್ರ ಕೂರ್ಬೇಡ." ಮರದ ಕೆಳಗಿನ ಚಹಾ ಅಂದಿಗೆ ನಿಂತಿತು. ಎರಡು ವರ್ಷದ ನಂತರ ಫುಂಡಿಯವರು ವಾದ್ಯತಂಡಕ್ಕೆ ಮರಳಿದ ಮೇಲೆಯೂ ಇಬ್ಬರ ನಡುವೆ ಕೆಲಸದ ಮಾತು ಮಾತ್ರ ನಡೆಯಿತು. ಫುಂಡಿಯವರು ಪರದೆಯ ಹಿಂದಿನಿಂದ ಆ ಗಿಟಾರಿನ ದನಿಯನ್ನು ಮೊದಲಿಗಿಂತ ಹೆಚ್ಚು ಜತನದಿಂದ ಕಾದರು. ರಜಬು ಹಿಂದಿರುಗಿ ನೋಡಲಿಲ್ಲ.

ನಾನೇಕೆ ಹೇಳಲಿಲ್ಲ? ಮೊದಲ ಆರು ವಾರ ಕೆಲಸದ ಭಯದಿಂದ. ಕೆಲಸ ಕಾಯಂ ಆದ ಮೇಲೆ ತಡವಾಯಿತಲ್ಲ ಎಂಬ ನಾಚಿಕೆಯಿಂದ. ಆಮೇಲೆ, ಹೇಳದೆ ಇರುವುದೇ ರೂಢಿಯಾಯಿತು. ೧೯೮೮ರಲ್ಲಿ ರಜಬು ಕಿಹಿಯೊ ತೀರಿಕೊಂಡರು. ಸಾವಿನ ಮನೆಯಲ್ಲಿ ಹೆಂಗಸರ ನಡುವೆ ಕುಳಿತು ನಾನೂ ಅತ್ತೆ, ಅಲ್ಲಿಯೂ ಹೇಳಲಿಲ್ಲ.

ಇದರ ಮುಂದಿನ ಫುಂಡಿಯವರ ಸೇವೆಯನ್ನು ಈ ಗ್ರಂಥದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ವಾಲ್ವು ಸಿಗದ ಬರಗಾಲದ ದಿನಗಳಲ್ಲಿ ಹಳೆಯ ರೇಡಿಯೊಗಳಿಂದ ಕಿತ್ತು ತಂದು ತಂಡವನ್ನು ನಡೆಸಿದ್ದು, ಮಸೀದಿಯ ಮೈಕನ್ನೂ ಚರ್ಚಿನ ಮೈಕನ್ನೂ ಒಂದೇ ಶ್ರದ್ಧೆಯಿಂದ ರಿಪೇರಿ ಮಾಡಿದ್ದು, ಹನ್ನೊಂದು ಮಂದಿಗೆ ವಿದ್ಯೆ ಕಲಿಸಿ ಅನ್ನದ ದಾರಿ ಮಾಡಿಕೊಟ್ಟದ್ದು ಎಲ್ಲವೂ ನಿಜ. ನಾನು ಸೇರಿಸುವುದು ಇಷ್ಟೇ: ಈ ಹದಿನೆಂಟು ವರ್ಷಗಳಲ್ಲಿ ಒಂದು ದಿನವಾದರೂ, ಒಂದು ನೋಟದಲ್ಲಾದರೂ, ಅವರು ನನಗೆ ಆ ಸಂಗತಿಯನ್ನು ನೆನಪಿಸಲಿಲ್ಲ.

ಈ ಲೇಖನವನ್ನು ಸಮಿತಿಗೆ ಕೊಡುವ ಮೊದಲು ಅವರ ಮನೆಗೆ ಒಯ್ದೆ. ಇಲ್ಲಿಯವರೆಗಿನ ಪುಟಗಳನ್ನು ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಕೊನೆಗೆ ಹಾಳೆಗಳನ್ನು ಸರಿಯಾಗಿ ಜೋಡಿಸಿ ಮಡಿಲಲ್ಲಿಟ್ಟುಕೊಂಡರು.

"ರಜಬು ಇದ್ದಾಗ ಬರ್ದಿದ್ರೆ ಚೆನ್ನಾಗಿರ್ತಿತ್ತು, ತಂಗಿ."

ಹದಿನೆಂಟು ವರ್ಷದಲ್ಲಿ ಅವರು ನನ್ನನ್ನು ಆಕ್ಷೇಪಿಸಿದ್ದು ಅದೊಂದೇ ಸಲ. "ಹರಿದು ಹಾಕ್ಲಾ?" ಎಂದೆ. "ಬೇಡ. ಮೊದಲು ಬೀ ತಾತುಗೆ ಓದಿ ಹೇಳು. ಅವಳು ಬೇಡ ಅಂದ್ರೆ ಬೇಡ."

ಬೀ ತಾತು ಎಂದರೆ ರಜಬು ಅವರ ಹೆಂಡತಿ. ಮರುದಿನ ಅವರ ಜಗಲಿಯಲ್ಲಿ ಚಾಪೆಯ ಮೇಲೆ ಕುಳಿತು ಪೂರ್ತಿ ಓದಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟರು.

"ಹೆಮೆದಿ ನಮ್ಮೋರ ಮಣ್ಣಿಗೆ ಬಂದಿದ್ರು. ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ.

"ದಾರೀಲಿ ಎಲ್ರೂ ಒಂದೊಂದು ಹೆಜ್ಜೆ ಹೆಗಲು ಕೊಡ್ತಾರಲ್ಲ, ಹಾಗೇ ಹೆಮೆದಿನೂ ಕೊಡೋಕೆ ಬಂದ್ರು. ನನ್ನ ದೊಡ್ಡ ಮಗ ಕೈ ಹಿಡ್ದು ಪಕ್ಕಕ್ಕೆ ಸರ್ಸಿದ. 'ನಮ್ಮಪ್ಪ ನಿಮ್ಮನ್ನ ಹತ್ರ ಕೂರಿಸ್ಕೊಳ್ತಿರ್ಲಿಲ್ಲ' ಅಂದ. ಆ ಮನುಷ್ಯ ಒಂದು ಮಾತು ಆಡ್ಲಿಲ್ಲವಂತೆ. ಹಿಂದೆ ಹಿಂದೆ ನಡ್ಕೊಂಡು ಬಂದ್ರಂತೆ." ಅವರು ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದರು. "ಇದನ್ನೂ ಬರ್ದಿದೀಯಾ?"

"ಇಲ್ಲ, ಬೀ ತಾತು."

"ಬರಿ. ಪುಸ್ತಕ ಬಂದ್ಮೇಲೆ ನನ್ನ ಮಗ ಓದ್ಲಿ."

ಅವರು ಹೇಳಿದಂತೆ ಬರೆದಿದ್ದೇನೆ. ಜೀವನಪರಿಚಯದ ಆ ಸಾಲನ್ನು ತೆಗೆದು, ಫುಂಡಿ ಹೆಮೆದಿ ಶೆಮ್‌ದೋಯೆ ಅವರ ಸೇವೆಯಲ್ಲಿ ಒಂದು ಕಲೆಯೂ ಇಲ್ಲವೆಂದು ಅಚ್ಚು ಮಾಡಬೇಕೆಂದು ಸಮಿತಿಯನ್ನು ಬೇಡುತ್ತೇನೆ. ಫುಂಡಿಯವರಿಗೆ ದೇವರು ಕಿವಿಯ ಚುರುಕನ್ನೂ ಕೈಯ ಸ್ಥಿರತೆಯನ್ನೂ ಉಳಿಸಲಿ. ಇನ್ನೂ ಎಷ್ಟೋ ಪೆಟ್ಟಿಗೆಗಳಿಗೆ ಅವರಿಂದ ದನಿ ಬರಲಿ. ಅವರು ಬಹುಕಾಲ ಬಾಳಲಿ ಎಂಬ ನನ್ನ ಹಾರೈಕೆಯಲ್ಲಿ ಸ್ವಾರ್ಥವಿದೆ. ಅಂದು ಕೊಡಲಾಗದ ಹೆಗಲನ್ನು ಅವರಿಗೆ ಮರಳಿ ಕೊಡಿಸುವುದು ನನ್ನಿಂದ ಎಂದೂ ಆಗದು. ಕ್ಷಮಿಸಿ ಎಂದು ದಿನಕ್ಕೊಂದು ಸಲ ಕೇಳುವುದಕ್ಕಾದರೂ ಅವರು ಇರಬೇಕು.